ಕಾನ್ವಿ ಕೋಟೆಯಿಂದ ನರಗುಂದದ ಗುಡ್ಡಕ್ಕೆ

ಗದಗ ಕಾಕಾ: (ಫಾರ್ವರ್ಡ್ ಮಾಡಲಾಗಿದೆ) ವೇಲ್ಸ್ ದೇಶದ ಕಾನ್ವಿ ಕೋಟೆ ನೋಡಿ! 1283ರಲ್ಲಿ ಕಟ್ಟಲು ಶುರು ಮಾಡಿದ್ದು. 700 ವರ್ಷ ದಾಟಿದರೂ ಒಂದು ಕಲ್ಲೂ ಅಲುಗಿಲ್ಲ! ಹಿರಿಯರ ಆಸ್ತಿ ಕಾಪಾಡುವುದನ್ನು ಅವರಿಂದ ಕಲಿಯಿರಿ. ಹತ್ತು ಜನಕ್ಕೆ ಕಳಿಸಿ 🙏

ದೊಡ್ಡಪ್ಪ: ನೂರಕ್ಕೆ ನೂರು ನಿಜ. ಈಗಿನ ಹುಡುಗರಿಗೆ ಕೋಟೆ ಗೋಡೆ ಕಂಡರೆ ಹೆಸರು ಕೆತ್ತುವ ಚಟ.

ಹುಬ್ಬಳ್ಳಿ ಅಕ್ಕ: ಕಾಕಾ, ಇದು ಎಲ್ಲಿಂದ ಬಂತು? ಮೂಲ ಹೇಳಿ.

ಗದಗ ಕಾಕಾ: ನಮ್ಮ ರಿಟೈರ್ ಆದವರ ಗುಂಪಿನಲ್ಲಿ ಬಂತು. ಎಲ್ಲ ಓದಿದವರೇ ಇದ್ದಾರೆ.

ಹುಬ್ಬಳ್ಳಿ ಅಕ್ಕ: ಮೆಂತ್ಯೆ ನೀರು ಕುಡಿದರೆ ಶುಗರ್ ಮಾತ್ರೆ ಬೇಡ ಅಂದವರೂ ಅವರೇ ಅಲ್ವಾ?

ಗದಗ ಕಾಕಾ: ಮದುವೆ ಹಾಲ್ ಬುಕ್ ಮಾಡುವಾಗಲೂ ನೀನು ಹೀಗೇ ಅಡ್ಡ ಮಾತಾಡಿದೆ.

ದೊಡ್ಡಪ್ಪ: ದೊಡ್ಡವರಿಗೆ ಎದುರು ಮಾತಾಡಬಾರದು ತಂಗಿ.

ನಾನು: ಕೋಟೆ ಚೆನ್ನಾಗಿ ಉಳಿದಿರುವುದು ನಿಜ. ನಾನು ನೋಡಿ ಬಂದಿದ್ದೇನೆ. ಎಂಟು ದೊಡ್ಡ ಬುರುಜು. ಊರ ಸುತ್ತ ಸುಮಾರು 1.3 ಕಿಲೋಮೀಟರ್ ಗೋಡೆ, ಅದಕ್ಕೆ 21 ಬುರುಜು. ಗೋಡೆ ಮೇಲೇ ನಡೆಯಬಹುದು. ಕೆಳಗೆ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ ಕಾಣುತ್ತೆ. ಒಂದು ಕಡೆ ಗೋಡೆಯಿಂದ ಹೊರಗೆ ಚಾಚಿದ 12 ಪಾಯಖಾನೆ ಸಾಲಾಗಿವೆ. ಆದರೆ ಕಲ್ಲು ಅಲುಗಿಲ್ಲ ಅನ್ನೋದು ಸುಳ್ಳು. 1655ರಲ್ಲಿ ಒಂದು ಬುರುಜನ್ನು ಬೇಕೆಂದೇ ಒಡೆದರು. ಅದಾದ ಹತ್ತು ವರ್ಷಕ್ಕೆ ಚಾವಣಿಯ ಸೀಸ, ಕಬ್ಬಿಣ ಎಲ್ಲ ಕಿತ್ತುಕೊಂಡು ಹೋದರು. ಇನ್ನೊಂದು ವಿಷಯ. ಕಟ್ಟಿಸಿದ್ದು ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್, ವೇಲ್ಸ್ ಗೆದ್ದ ಮೇಲೆ. ಗೋಡೆಯೊಳಗೆ ಇಂಗ್ಲಿಷರನ್ನು ತಂದು ಕೂರಿಸಿದ. ಅಲ್ಲಿಯವರಿಗೆ ಅದು ಹಿರಿಯರ ಆಸ್ತಿ ಅಲ್ಲ, ಸೋತ ಗುರುತು. ಆದರೂ ಕಾಪಾಡಿಕೊಂಡು ಬಂದಿದ್ದಾರೆ. ನನಗೆ ದೊಡ್ಡದು ಅನಿಸಿದ್ದು ಅದೇ.

ಹಾವೇರಿ ತಮ್ಮ: ಪಾಯಖಾನೆ ಫೋಟೋ ಹಾಕಣ್ಣ 😂

ದೊಡ್ಡಪ್ಪ: ಇಷ್ಟುದ್ದ ಯಾರು ಓದುತ್ತಾರೆ? ವಾಯ್ಸ್ ಹಾಕು.

ಹಾವೇರಿ ತಮ್ಮ: ಕೋಟೆ ಅಂದ ಕೂಡಲೇ ನೆನಪಾಯ್ತು. ನರಗುಂದದ ಗುಡ್ಡ ಹತ್ತಿದ್ವಲ್ಲ! ಅಲ್ಲಿನ ಅರಸ ಬಾಬಾಸಾಹೇಬರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಕಥೆಯನ್ನು ಅಜ್ಜ ದಾರಿಯುದ್ದಕ್ಕೂ ಹೇಳಿದರು. ಇಳಿದು ಬಂದು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಆಹಾ!

ಕಾಕು: ನಾನು ಹತ್ತಲಿಲ್ಲ.

ಗದಗ ಕಾಕಾ: ನಿನಗೆ ಮೊಣಕಾಲು ನೋವಿತ್ತು.

ಕಾಕು: ಇರಲಿಲ್ಲ. ಬುತ್ತಿ ಚೀಲ, ನೀರಿನ ಕೊಡ, ಮಕ್ಕಳ ಸ್ವೆಟರ್ ಎಲ್ಲ ನನ್ನ ಮುಂದೆ ಇಟ್ಟು "ಈಗ ಬಂದ್ವಿ" ಅಂತ ಹೋದಿರಿ. ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ವೇಲ್ಸ್ ಇರಲಿ, ನಾನು ನರಗುಂದದ ಕೋಟೆಯನ್ನೇ ನೋಡಿಲ್ಲ.

ಹುಬ್ಬಳ್ಳಿ ಅಕ್ಕ: ಕಾಕಾ, ಈ ಮಾತಿಗೆ ಮೂಲ ಇದೆ. ಗುಡ್ಡದ ಮೇಲಿನ ಫೋಟೋದಲ್ಲಿ ಎಲ್ಲರೂ ಇದ್ದಾರೆ, ಕಾಕು ಇಲ್ಲ.

ದೊಡ್ಡಪ್ಪ: ಮನೆ ಹೆಣ್ಣುಮಕ್ಕಳನ್ನು ಹಾಗೆ ಬಿಟ್ಟು ಹೋಗಬಾರದಿತ್ತು.

ಕಾಕು: ಭಾವಾಜಿ, ಮುಂದೆ ಮುಂದೆ ಹತ್ತಿದವರು ನೀವೇ.

ಗದಗ ಕಾಕಾ: ಹಳೆಯದನ್ನು ಸುಮ್ನೆ ಯಾಕೆ ಕೆದಕೋದು? ಭಾನುವಾರ ಎಲ್ಲರೂ ನರಗುಂದಕ್ಕೆ ಹೋಗೋಣ.

ಕಾಕು: ಚೀಲ ಯಾರು ಕಾಯ್ತಾರೆ? ಮೊದಲು ಅದನ್ನ ಹೇಳಿ.