ಶೇ 60 ಮತ ಬಂದರೂ ಅಪ್ಪರ್ ಸೈಲೀಸಿಯಾ ಹೋಳಾದದ್ದೇಕೆ?

ಗಡಿಗೆರೆ:
ಮೊದಲ ಮಹಾಯುದ್ಧದ ನಂತರ, 1921ರ ಮಾರ್ಚ್ 20ರಂದು ಜರ್ಮನಿಯ ಗಡಿನಾಡು ಅಪ್ಪರ್ ಸೈಲೀಸಿಯಾದಲ್ಲಿ, ಅದು ಜರ್ಮನಿಯಲ್ಲೇ ಇರಬೇಕೋ ಪೋಲೆಂಡಿಗೆ ಸೇರಬೇಕೋ ಎಂದು ನಡೆದ ಜನಮತಗಣನೆಯಲ್ಲಿ ಜರ್ಮನಿಗೆ ಸುಮಾರು 7.07 ಲಕ್ಷ, ಪೋಲೆಂಡಿಗೆ 4.79 ಲಕ್ಷ ಮತ ಬಿದ್ದವು. ಮತದಾನ ಶೇ 97ನ್ನೂ ದಾಟಿತ್ತು. ಅಷ್ಟು ಜನರನ್ನು ಮತಗಟ್ಟೆಗೆ ತಂದದ್ದು ಹೇಗೆ? ಜರ್ಮನಿ ಗೆದ್ದ ಮೇಲೂ ನಾಡನ್ನು ಹಂಚಿದ್ದೇಕೆ? ಭಾಷಣ, ಪೋಸ್ಟರುಗಳ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆ. ಊರಿನ ಮಟ್ಟದ ಕೆಲಸ ತಿಳಿದವರು ದಯವಿಟ್ಟು ಬರೆಯಿರಿ.

ಹಳೇಕಡತ:
ಎಲ್ಲಕ್ಕಿಂತ ದೊಡ್ಡ ಕೆಲಸ ಮತದಾರರ ಪಟ್ಟಿಯದು. ಆಡಳಿತ ಮಿತ್ರರಾಷ್ಟ್ರಗಳ ಆಯೋಗದ ಕೈಯಲ್ಲಿತ್ತು. ಫ್ರೆಂಚ್ ಜನರಲ್ ಲ ರೋಂ ಅದರ ಅಧ್ಯಕ್ಷ, ಓಪೆಲ್ನ್ ಅದರ ಕೇಂದ್ರ. ಪೋಲೆಂಡ್ ಪರ ಪ್ರಚಾರದ ಕಚೇರಿ ಬಾಯ್ಟನ್ ಊರಿನ ಲೋಮ್ನಿಟ್ಸ್ ಹೋಟೆಲಿನಲ್ಲಿ, ವೊಯ್ಚೆಖ್ ಕೊರ್ಫಾಂಟಿ ಮುಂದಾಳು. ಜರ್ಮನ್ ಕಚೇರಿ ಕಾಟೊವಿಟ್ಸ್‌ನಲ್ಲಿ, ಕುರ್ಟ್ ಉರ್ಬಾನೆಕ್ ಕೈಯಲ್ಲಿ.

20 ತುಂಬಿದ, ಅಲ್ಲೇ ಹುಟ್ಟಿದ ಎಲ್ಲರಿಗೂ ಮತವಿತ್ತು, ಈಗ ಎಲ್ಲೇ ಇರಲಿ. ಹೊರಗಿನಿಂದ ಬಂದು ನೆಲೆಸಿದವರು 1904ರ ಜನವರಿ 1ರಿಂದ ಅಲ್ಲಿ ವಾಸವಿದ್ದುದನ್ನು ತೋರಿಸಬೇಕಿತ್ತು. ಅಂದಮೇಲೆ ಜನನದ ದಾಖಲೆಯೇ ಆಯುಧ. ಯಾರು ಎಲ್ಲಿ ಹುಟ್ಟಿದರು, ಎಲ್ಲಿಗೆ ಹೋದರು ಎಂದು ಮನೆಮನೆಯ ಲೆಕ್ಕ ಬರೆದಿಟ್ಟ ಕಡೆಯವರು ಮುಂದೆ. ಹೆಸರು ಬಿಟ್ಟುಹೋದರೆ ಎಂಥ ಭಾಷಣವೂ ಆ ಮತವನ್ನು ತರಲಾರದು. ಮತದಾನದ ದಿನ ಒಬ್ಬೊಬ್ಬರ ಕೈಗೂ ಎರಡು ಚೀಟಿ, ಒಂದರಲ್ಲಿ ಜರ್ಮನಿ, ಇನ್ನೊಂದರಲ್ಲಿ ಪೋಲೆಂಡ್, ಎರಡರಲ್ಲೂ ಎರಡೂ ಭಾಷೆಯ ಅಚ್ಚು. ಬೇಕಾದ ಚೀಟಿ ಲಕೋಟೆಯೊಳಗೆ.

ರೈಲುಹಾದಿ:
ಅಲ್ಲಿ ಹುಟ್ಟಿ ಹೊರಗೆ ಹೋಗಿ ನೆಲೆಸಿದವರ ಮತದ ಬಗ್ಗೆ ಸೇರಿಸುತ್ತೇನೆ. ಈ ಅವಕಾಶವನ್ನು ಕೇಳಿದ್ದು ಪೋಲಿಷ್ ಕಡೆಯವರೇ. ಪಶ್ಚಿಮ ಜರ್ಮನಿಯ ಕಡೆಯ ರೂರ್ ಗಣಿಗಳಿಗೆ ಹೋದ ಪೋಲಿಷರು ಬಂದು ತಮಗೆ ಮತ ಹಾಕುತ್ತಾರೆಂಬ ನಂಬಿಕೆ. ಲೆಕ್ಕ ತಪ್ಪಿತು. ಜರ್ಮನ್ ಸಂಘಗಳು ವಿಶೇಷ ರೈಲು, ಊಟ, ವಸತಿಯ ವ್ಯವಸ್ಥೆ ಮಾಡಿದವು. ಹೊರಗಿನಿಂದ ಬಂದ ಸುಮಾರು 1.9 ಲಕ್ಷ ಜನರಲ್ಲಿ ಬಹುಪಾಲು ಜರ್ಮನಿಗೇ ಹಾಕಿದರು. ಅವರನ್ನು ಬಿಟ್ಟು ಎಣಿಸಿದರೂ ಬಹುಮತ ಜರ್ಮನಿಯದೇ, ಅಂತರ ಮಾತ್ರ ತೀರಾ ಕಿರಿದು.

ಮನೆಯಲ್ಲಿ ಆಡುವ ಭಾಷೆ ನೋಡಿ ಮತ ಊಹಿಸಬೇಡಿ, ಬಹಳ ಜನ ಎಡವುವುದು ಇಲ್ಲೇ. ಪೋಲಿಷ್ ಆಡುವವರೇ ಹೆಚ್ಚಿದ್ದ ನಾಡದು. ಅವರಲ್ಲೂ ಎಷ್ಟೋ ಜನರಿಗೆ ಜರ್ಮನ್ ಪಿಂಚಣಿ, ವಿಮೆ ಕೈತಪ್ಪುವ ಭಯ. ಪೋಲೆಂಡ್ ಆಗಷ್ಟೇ ಸೋವಿಯತ್ತರೊಡನೆ ಯುದ್ಧ ಮಾಡಿತ್ತು, ಮಕ್ಕಳನ್ನು ಸೈನ್ಯಕ್ಕೆ ಎಳೆದೊಯ್ದಾರೆಂಬ ಭಯವೂ ಇತ್ತು. ಪೋಲಿಷ್ ಸಂಸತ್ತು 1920ರ ಜುಲೈ 15ರಂದು ಸೈಲೀಸಿಯಾಕ್ಕೆ ಸ್ವಂತ ಶಾಸನಸಭೆ ಕೊಡುವ ಕಾನೂನು ಮಾಡಿದ್ದು ಈ ಅಂಜಿಕೆ ಕಳೆಯಲೆಂದೇ. ಬಡವರಿಗೆ ಹಸು ಕೊಡುತ್ತೇವೆಂಬ ಮಾತು ‘ಕೊರ್ಫಾಂಟಿಯ ಹಸು’ ಎಂದೇ ಮನೆಮಾತಾಯಿತು.

ಹಳೇಕಡತ:
ಹೋಳಾದದ್ದಕ್ಕೆ ಕಾರಣ ಒಪ್ಪಂದದಲ್ಲೇ ಇದೆ. ಯುದ್ಧದ ನಂತರ ಜರ್ಮನಿಯೊಡನೆ ಆದ ವರ್ಸೇಲ್ಸ್ ಒಪ್ಪಂದದ 88ನೇ ವಿಧಿಯ ಅನುಬಂಧ ಫಲಿತಾಂಶವನ್ನು ಊರೂರಿನ ಲೆಕ್ಕದಲ್ಲಿ ನೋಡಬೇಕೆಂದಿತು, ಭೂಗೋಳ ಮತ್ತು ಆರ್ಥಿಕ ಸ್ಥಿತಿಯನ್ನೂ ಗಣಿಸಬೇಕೆಂದಿತು. ಗ್ರಾಮವೇ ಘಟಕ ಎಂಬ ವಾದವನ್ನು ನಾವು ಬೆಳಗಾವಿಯ ವಿಷಯದಲ್ಲೂ ಕೇಳಿದ್ದೇವಲ್ಲ. ಪ್ಲೆಸ್, ರಿಬ್ನಿಕ್ ಜಿಲ್ಲೆಗಳ ಬಹುಮತ ಪೋಲೆಂಡಿನ ಕಡೆ. ಕಾಟೊವಿಟ್ಸ್ ನಗರ ಜರ್ಮನಿಯ ಕಡೆ, ಅದರ ಸುತ್ತಲ ಹಳ್ಳಿಗಾಡಿನಲ್ಲಿ ಬಹುಮತ ಪೋಲೆಂಡಿಗೆ. ಇಂಥ ಕಡೆ ಎಲ್ಲಿ ಗೆರೆ ಎಳೆದರೂ ಯಾರೋ ಒಬ್ಬರು ಆಚೆ ಉಳಿಯುತ್ತಾರೆ.

ಪ್ಲೆಸ್, ರಿಬ್ನಿಕ್ ಕಡೆಯಷ್ಟೇ ಪೋಲೆಂಡಿಗೆ ಎಂಬ ಸುದ್ದಿ ಹಬ್ಬಿ ಮೇ ಆರಂಭದಲ್ಲಿ ಪೋಲಿಷರ ಮೂರನೇ ಬಂಡಾಯವೆದ್ದಿತು. ಕೊನೆಗೆ ಪ್ರಶ್ನೆ ರಾಷ್ಟ್ರಸಂಘಕ್ಕೆ (ಲೀಗ್ ಆಫ್ ನೇಶನ್ಸ್) ಹೋಗಿ, ಅಕ್ಟೋಬರಿನಲ್ಲಿ ನೆಲದ ಸುಮಾರು ಮೂರನೇ ಒಂದು ಭಾಗ, ಕಲ್ಲಿದ್ದಲ ಗಣಿಗಳಲ್ಲಿ ಹೆಚ್ಚಿನವು ಪೋಲೆಂಡಿನ ಪಾಲಾದವು.

ಗಡಿಗೆರೆ:
ಧನ್ಯವಾದ. ಊರೂರಿನ ಎಣಿಕೆ ಆಗ ಎಲ್ಲ ಕಡೆಯೂ ಇತ್ತೇ?

ರೈಲುಹಾದಿ:
ಇಲ್ಲ. 1920ರಲ್ಲಿ ಜರ್ಮನಿ–ಡೆನ್ಮಾರ್ಕ್ ಗಡಿಯ ಶ್ಲೆಸ್ವಿಗ್‌ನ ಉತ್ತರ ವಲಯವನ್ನು ಇಡಿಯಾಗಿ ಒಂದೇ ಘಟಕ ಮಾಡಿದರು. ಸುಮಾರು ಶೇ 75 ಮತ ಡೆನ್ಮಾರ್ಕಿಗೆ ಬಿದ್ದಿದ್ದರಿಂದ, ಜರ್ಮನ್ ಬಹುಮತವಿದ್ದ ಟೊಂಡರ್ ಪಟ್ಟಣವೂ ಡೆನ್ಮಾರ್ಕಿಗೇ ಸೇರಿತು. ದಕ್ಷಿಣದ ವಲಯದಲ್ಲಿ ಮಾತ್ರ ಊರೂರಿನ ಎಣಿಕೆ. ಅಲ್ಲಿನ ಫ್ಲೆನ್ಸ್‌ಬರ್ಗ್ ಜರ್ಮನಿಯಲ್ಲೇ ಉಳಿಯಿತು.