ಚೆನ್ನಾಗಿರುವ ಫೋನ್ ಬಿಟ್ಟು ಹೊಸದು ಕೊಂಡರೆ ನಿಜಕ್ಕೂ ಯಾರಿಗೆ ನಷ್ಟ?

ಪ್ರಶ್ನೆ:
ಫೋನ್ ಹಳೆಯದಾಯಿತು, ಆದರೆ ಕೆಲಸ ಮಾಡುತ್ತಿದೆ. ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಹೊಸದು ಕೊಳ್ಳುತ್ತೇನೆ ಅಂದಿದ್ದಕ್ಕೆ ಗೆಳೆಯನೊಬ್ಬ ಪರಿಸರ ಹಾಳು ಮಾಡ್ತೀಯ ಅಂತ ಬೈದ. ನನ್ನ ದುಡ್ಡು, ಹಳೆಯದನ್ನು ರೀಸೈಕಲ್‌ಗೆ ಕೊಡುತ್ತೇನೆ, ಅಲ್ಲಿಗೆ ಲೆಕ್ಕ ಚುಕ್ತಾ ಅಲ್ವಾ? ಉಪದೇಶ ಬೇಡ, ವಿಷಯ ಗೊತ್ತಿದ್ದವರು ಹೇಳಿ.

ಉತ್ತರ 1:
ಚುಕ್ತಾ ಆಗುವುದಿಲ್ಲ. ಒಂದು ಫೋನಿನಿಂದ ಗಾಳಿಗೆ ಸೇರುವ ಇಂಗಾಲದ ದೊಡ್ಡ ಪಾಲು ಅದು ನಿಮ್ಮ ಕೈಗೆ ಬರುವ ಮುಂಚೆಯೇ ಸೇರಿರುತ್ತದೆ. ಗಣಿಯಲ್ಲಿ, ಚಿಪ್ ಕಾರ್ಖಾನೆಯಲ್ಲಿ. ಚಾರ್ಜ್ ಮಾಡುವ ಕರೆಂಟು ಅದರ ಮುಂದೆ ಚಿಲ್ಲರೆ.

ಇನ್ನು ರೀಸೈಕಲ್. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರ ಒಂದೇ ವರ್ಷ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ರೀತಿಯಲ್ಲಿ ಸಂಗ್ರಹವಾಗಿ ರೀಸೈಕಲ್ ಆಗಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ. ಉಳಿದದ್ದರಲ್ಲಿ ಬಹಳಷ್ಟು ಗುಂಡಿಗೆ ಹೋಗುತ್ತದೆ, ಇಲ್ಲವೇ ತಾಮ್ರಕ್ಕಾಗಿ ವೈರ್ ಸುಡುವ, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವ ಬಡವರ ಕೈಗೆ ಹೋಗುತ್ತದೆ. ಆ ಹೊಗೆ ಕುಡಿಯುವವರು ಫೋನ್ ಕೊಂಡವರಲ್ಲ.

ಉತ್ತರ 2:
ಬರೀ ಕಸದ ಮಾತಲ್ಲ ಇದು. ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ, ಅಲ್ಲಿ ಅದರ ಒಂದು ಪಾಲನ್ನು ಮಕ್ಕಳೂ ಸೇರಿ ಕೈಯಲ್ಲೇ ಅಗೆಯುತ್ತಾರೆ.

ಬಟ್ಟೆಯದೂ ಇದೇ ಕಥೆ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಅನ್ನುವ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳನ್ನು ಮುಚ್ಚಿದರು, ಮೇಲಿನ ಗಾರ್ಮೆಂಟ್ಸ್ ಕೆಲಸದವರನ್ನು ಮಾತ್ರ ಮರುದಿನ ಒಳಗೆ ಕಳಿಸಿದರು. ಯಾಕೆ? ಆರ್ಡರ್ ತಡವಾಗಬಾರದು. ಅಗ್ಗದ ಅಂಗಿಯ ಬೆಲೆಯಲ್ಲಿ ಉಳಿದ ದುಡ್ಡನ್ನು ಬೇರೆಯವರು ಬೇರೆ ರೀತಿ ಕಟ್ಟಿದ್ದಾರೆ ಅಷ್ಟೇ.

ಪ್ರಶ್ನೆ ಕೇಳಿದವರು:
ಸರಿ, ಹಾಗಂತ ಎಲ್ಲರೂ ಕೊಳ್ಳುವುದು ನಿಲ್ಲಿಸಿದರೆ ಆ ಹೊಲಿಗೆಯವರ ಕೆಲಸವೇ ಹೋಗುತ್ತದಲ್ಲ? ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಉತ್ತರ 3:
ಒಳ್ಳೆ ಪ್ರಶ್ನೆ, ಸುಮ್ನೆ ತಳ್ಳಿಹಾಕಬಾರದು. 2020ರಲ್ಲಿ ಕೊರೊನಾ ಬಂದಾಗ ಹೀಗೇ ಆಯಿತು. ದೊಡ್ಡ ದೊಡ್ಡ ಬ್ರಾಂಡ್‌ಗಳು ಆರ್ಡರ್ ರದ್ದು ಮಾಡಿದವು, ಕೆಲವು ಕಡೆ ಹೊಲಿದು ಮುಗಿಸಿದ್ದ ಬಟ್ಟೆಗೂ ದುಡ್ಡು ಕೊಡಲಿಲ್ಲ, ಕೂಲಿ ಇಲ್ಲದೆ ಕೂತವರು ಬಾಂಗ್ಲಾದೇಶದ ಹೆಣ್ಣುಮಕ್ಕಳು. ಅಂದರೆ ಮಾರಾಟ ಜೋರಾಗಿದ್ದರೂ ಅವರಿಗೇ ಪೆಟ್ಟು, ನಿಂತರೂ ಅವರಿಗೇ ಪೆಟ್ಟು. ನಾವು ಹತ್ತು ಅಂಗಿ ಕೊಂಡರೆ ಅವರು ಉದ್ಧಾರವಾಗುತ್ತಾರೆ ಅನ್ನುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಕೂಲಿ ಜಾಸ್ತಿ ಸಿಗುವ, ಎರಡು ಪಟ್ಟು ಬಾಳುವ ಒಂದು ಅಂಗಿ ಯಾಕೆ ಆಗಬಾರದು?

ಉತ್ತರ 4:
ಮೇಲಿನವರೆಲ್ಲ ಕೊಳ್ಳುವವನ ತಲೆ ಮೇಲೇ ಕೂತಿದ್ದೀರಿ. ಬ್ಯಾಟರಿಯನ್ನು ಸುಲಭವಾಗಿ ಬಿಚ್ಚಲಾಗದ ಹಾಗೆ ಅಂಟು ಹಾಕಿ ಕೂರಿಸಿದವರು ಯಾರು? ಇದು ಹಳೇ ಚಾಳಿ. 1924ರಲ್ಲೇ ಬಲ್ಬ್ ಕಂಪನಿಗಳು ಫೀಬಸ್ ಅನ್ನುವ ಕೂಟ ಕಟ್ಟಿಕೊಂಡು, ಬಲ್ಬ್ ಆಯಸ್ಸನ್ನು 1,000 ಗಂಟೆಗೆ ಇಳಿಸಲು ಒಪ್ಪಂದ ಮಾಡಿಕೊಂಡವು. ಜಾಸ್ತಿ ಉರಿಯುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ! ಜನರಿಗೆ ಬುದ್ಧಿ ಹೇಳಿದರೆ ಇದು ಸರಿಹೋಗುವುದಿಲ್ಲ, ಕಾನೂನು ಬೇಕು. ಫ್ರಾನ್ಸ್ 2015ರಲ್ಲಿ ಬೇಕಂತಲೇ ಬೇಗ ಹಾಳಾಗುವ ಹಾಗೆ ಮಾಡುವುದನ್ನು ಅಪರಾಧ ಮಾಡಿತು. 2021ರಲ್ಲಿ ಅಲ್ಲಿ ಫೋನ್, ಲ್ಯಾಪ್‌ಟಾಪ್‌ಗಳ ಮೇಲೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಹಾಕುವುದನ್ನು ಕಡ್ಡಾಯ ಮಾಡಿದರು. ಕಂಪನಿಗೆ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದು ನನಗೆ ಇಷ್ಟವಾಯಿತು.

ಉತ್ತರ 1:
ಒಪ್ಪಿದೆ. ಆದರೆ ಕಾನೂನು ಬರುವ ತನಕ ಪ್ರಶ್ನೆ ಕೇಳಿದವರು ಏನು ಮಾಡಬೇಕು? ಸೆಕ್ಯೂರಿಟಿ ಅಪ್‌ಡೇಟ್ ಇನ್ನೂ ಬರುತ್ತಿದೆಯಾ ನೋಡಿ. ಬರುತ್ತಿದ್ದರೆ ಬರೀ ಬ್ಯಾಟರಿ ಹಾಕಿಸಿ. ನಿಂತಿದ್ದರೆ ಬ್ಯಾಂಕ್ ವ್ಯವಹಾರಕ್ಕೆ ಅದು ಸುರಕ್ಷಿತವಲ್ಲ, ಆಗ ಹೊಸದು ಕೊಳ್ಳುವುದು ತಪ್ಪೇನಲ್ಲ, ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೆಯದು.

ಪ್ರಶ್ನೆ ಕೇಳಿದವರು:
ನೋಡಿದೆ, ಅಪ್‌ಡೇಟ್ ಬರುತ್ತಿದೆ. ಬ್ಯಾಟರಿ ಹಾಕಿಸುತ್ತೇನೆ. ಗೆಳೆಯನಿಗೆ ಮಾತ್ರ ಹೇಳಲ್ಲ.