ಕಡಿಮೆ ಆದಾಯದವರ ಹೃದಯಾರೋಗ್ಯ ಕಾರ್ಯಕ್ರಮ: ತಿಳಿವಳಿಕೆಯ ಜೊತೆಗೆ ಇನ್ನೇನು ಬೇಕು?

ಪ್ರಶ್ನೆ (ಯೋಜನಾ ಸಂಯೋಜಕಿ)

ನಮಸ್ಕಾರ. ದಿನಗೂಲಿ, ಮನೆಗೆಲಸ, ಪಾಳಿ ಕೆಲಸಗಳಲ್ಲಿ ದುಡಿಯುವ ವಯಸ್ಕರಿಗಾಗಿ ಒಂದು ವರ್ಷದ ಹೃದಯಾರೋಗ್ಯ ಕಾರ್ಯಕ್ರಮವನ್ನು ರೂಪಿಸುವ ಹೊಣೆ ನಮ್ಮ ಚಿಕ್ಕ ಸಂಸ್ಥೆಯ ಮೇಲಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ತಂಬಾಕು ಬಿಡುವುದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಹಂಚುವುದು ಸುಲಭ. ಆದರೆ ಇಂತಹ ಸಲಹೆ ಕೊಡುವ ತರಗತಿಗಳಿಗೆ ಮೊದಲು ಬಂದವರಲ್ಲಿ ಅನೇಕರು ಕ್ರಮೇಣ ಬರುವುದನ್ನು ನಿಲ್ಲಿಸುತ್ತಾರೆ. ಕೊನೆಯವರೆಗೆ ಉಳಿಯುವವರು ಹೆಚ್ಚಾಗಿ ಬಿಡುವೂ ಅನುಕೂಲವೂ ಇದ್ದವರೇ. ಅಪಾಯ ಯಾರಿಗೆ ಹೆಚ್ಚೋ ಅವರನ್ನು ತಲುಪಿ ಉಳಿಸಿಕೊಳ್ಳಲು, ನಮ್ಮ ಸೀಮಿತ ಹಣವನ್ನೂ ಶ್ರಮವನ್ನೂ ಮೊದಲು ಯಾವುದಕ್ಕೆ ವಿನಿಯೋಗಿಸಬೇಕು?

ಉತ್ತರ (ಪ್ರಾಥಮಿಕ ಆರೈಕೆಯ ವೈದ್ಯೆ)

ಬಿಟ್ಟುಹೋಗುವವರನ್ನು ನೀವು ದೂರದೆ ಈ ಪ್ರಶ್ನೆ ಕೇಳಿರುವುದು ನನಗೆ ಸಮಾಧಾನ ತಂದಿದೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಕುರಿತು 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ, ಅತ್ಯಂತ ಕೆಳದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲ್ದರ್ಜೆಯವರದಕ್ಕಿಂತ ಮೂರು ಪಟ್ಟಿಗೂ ಮಿಕ್ಕಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರದ ದೊಡ್ಡ ಪಾಲು ಹಾಗೆಯೇ ಉಳಿಯಿತು. ಅವರೆಲ್ಲರಿಗೂ ಖಾಯಂ ಕೆಲಸವಿತ್ತು ಎಂಬುದನ್ನು ಗಮನಿಸಿ. ನಾಳೆಯ ಕೂಲಿಯೇ ಖಚಿತವಿಲ್ಲದವರ ವಿಷಯದಲ್ಲಿ ಅಭ್ಯಾಸಗಳನ್ನಷ್ಟೇ ತಿದ್ದಹೊರಟರೆ ಕೆಲಸ ಅರ್ಧವೂ ಆಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಆದ್ಯತೆಯನ್ನು ರಕ್ತದೊತ್ತಡದ ತಪಾಸಣೆಗೂ ಔಷಧಿ ತಪ್ಪದೆ ಸಿಗುವ ವ್ಯವಸ್ಥೆಗೂ ಕೊಡಿ. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲವಾದ್ದರಿಂದ, ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲು ಯಾರಿಗೂ ಕಾರಣವೇ ಕಾಣುವುದಿಲ್ಲ. 2019ರಲ್ಲಿ ಪ್ರಕಟವಾದ ಹೋಪ್-4 ಪ್ರಯೋಗವನ್ನು ನೋಡಿ: ಕೊಲಂಬಿಯಾ ಮತ್ತು ಮಲೇಷ್ಯಾದ 30 ಸಮುದಾಯಗಳಲ್ಲಿ ನಡೆದ ಆ ಪ್ರಯೋಗದಲ್ಲಿ ವೈದ್ಯರಲ್ಲದ ಆರೋಗ್ಯ ಕಾರ್ಯಕರ್ತರು ತಪಾಸಣೆ ಮತ್ತು ಸಲಹೆಯ ಹೊಣೆ ಹೊತ್ತರು, ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧಿಯನ್ನು ಉಚಿತವಾಗಿ ಕೊಡಲಾಯಿತು, ಜೊತೆಗೆ ಮನೆಯವರೋ ಸ್ನೇಹಿತರೋ ಒಬ್ಬರು ರೋಗಿಗೆ ಒತ್ತಾಸೆಯಾಗಿ ನಿಂತರು. ಹನ್ನೆರಡು ತಿಂಗಳ ಬಳಿಕ ಈ ನೆರವು ಪಡೆದ ರೋಗಿಗಳ ರಕ್ತದೊತ್ತಡದ ಮೇಲಿನ ಅಂಕಿ (120/80 ಎಂದಾಗ 120), ಸಾಮಾನ್ಯ ಆರೈಕೆ ಪಡೆದವರಿಗಿಂತ ಸುಮಾರು 11 ಮಿ.ಮೀ. (ಪಾದರಸದ ಅಳತೆ) ಹೆಚ್ಚಾಗಿ ಇಳಿದಿತ್ತು.

ಉತ್ತರ (ಸಮುದಾಯ ಆರೋಗ್ಯ ಕಾರ್ಯಕರ್ತ)

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ಸ್ಥಳದ ಮಾತೊಂದನ್ನು ಸೇರಿಸುತ್ತೇನೆ. ಲಾಸ್ ಏಂಜಲೀಸಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಧಿಕ ರಕ್ತದೊತ್ತಡವಿದ್ದ 319 ಕಪ್ಪುವರ್ಣೀಯ ಪುರುಷರನ್ನು ಅವರು ನಿತ್ಯ ಹೋಗುವ ಕ್ಷೌರದಂಗಡಿಗಳಲ್ಲೇ ಭೇಟಿ ಮಾಡಲಾಯಿತು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಜೀವನಶೈಲಿ ಬದಲಿಸಿಕೊಳ್ಳಿ, ವೈದ್ಯರನ್ನು ಕಾಣಿ ಎಂದು ಹುರಿದುಂಬಿಸಿದರು. ಉಳಿದ ಅಂಗಡಿಗಳಿಗೆ ಫಾರ್ಮಸಿಸ್ಟರೇ ಬಂದು ಅಲ್ಲಿಯೇ ಔಷಧಿ ಬರೆದುಕೊಟ್ಟರು. ಆರು ತಿಂಗಳಲ್ಲಿ ಮೊದಲಿನವರ ಮೇಲಿನ ಅಂಕಿ ಸರಾಸರಿ 9 ಮಿ.ಮೀ., ಎರಡನೆಯವರದು 27 ಮಿ.ಮೀ. ಇಳಿಯಿತು. ಎರಡೂ ಗುಂಪಿನವರಿಗೆ ಹೇಳಿದವರು ನಂಬಿಕೆಯ ಕ್ಷೌರಿಕರೇ ಆಗಿದ್ದರು. ಸೇವೆಯೇ ಕುಳಿತ ಜಾಗಕ್ಕೆ ಬಂದದ್ದು ಒಂದು ಗುಂಪಿಗೆ ಮಾತ್ರ. ಆದ್ದರಿಂದ ತರಗತಿಗಳಿಗಾಗಿ ಕೇಂದ್ರವೊಂದರ ಬಾಡಿಗೆಗೆ ಹಣ ಇಟ್ಟಿದ್ದರೆ ಅದನ್ನು ಮನೆಭೇಟಿಗೂ, ಪಾಳಿ ಮುಗಿಯುವ ಹೊತ್ತಿಗೆ ಕೆಲಸದ ಸ್ಥಳದಲ್ಲೇ ನಡೆಸುವ ತಪಾಸಣೆಗೂ ಬಳಸಿ ಎಂದು ಕೇಳಿಕೊಳ್ಳುತ್ತೇನೆ. ಕಾರ್ಯಕರ್ತರಿಗೆ ಸರಿಯಾದ ಸಂಬಳವನ್ನೂ ಕೊಡಿ.

ಉತ್ತರ (ಆಹಾರತಜ್ಞೆ)

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೂ ಜೀವನಶೈಲಿಯ ಭಾಗವನ್ನು ಹಿಂದಕ್ಕೆ ಸರಿಸಬೇಡಿ. ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ ತೂಕ ಇಳಿಕೆ ಮತ್ತು ನಡಿಗೆಯ ಕಾರ್ಯಕ್ರಮವು ಹೊಸದಾಗಿ ಮಧುಮೇಹ ಬರುವುದನ್ನು ಶೇ. 58ರಷ್ಟು ತಗ್ಗಿಸಿತು, ಮಧುಮೇಹದ ಔಷಧಿಯಾದ ಮೆಟ್‌ಫಾರ್ಮಿನ್ ಮಾತ್ರೆ ತಗ್ಗಿಸಿದ್ದು ಶೇ. 31ರಷ್ಟು. ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದರು, ಅಡ್ಡಿ ಎದುರಾದಾಗ ಕುಳಿತು ದಾರಿ ಹುಡುಕುತ್ತಿದ್ದರು ಎಂಬುದನ್ನು ಮರೆಯಬಾರದು. ದಿನವಿಡೀ ಭಾರ ಹೊತ್ತು ದಣಿದವರಿಗೆ ಸಂಜೆ ನಡಿಗೆ ಮಾಡಿ ಎನ್ನುವುದು ನನಗೆ ನ್ಯಾಯವೆನಿಸುವುದಿಲ್ಲ. ಅಂಥವರೊಂದಿಗೆ ಉಪ್ಪು, ತಂಬಾಕು, ನಿದ್ದೆಗಳಿಂದ ಆರಂಭಿಸಿ.

ಉಪ್ಪಿನ ವಿಷಯದಲ್ಲಿ ಮನಸ್ಸನ್ನು ಬದಲಿಸುವುದಕ್ಕಿಂತ ಉಪ್ಪನ್ನೇ ಬದಲಿಸುವುದು ಸುಲಭವಾಗಬಹುದು. ಚೀನಾದ 600 ಹಳ್ಳಿಗಳಲ್ಲಿ, ಪಾರ್ಶ್ವವಾಯು ಆಗಿದ್ದವರಿಗೆ ಅಥವಾ ರಕ್ತದೊತ್ತಡವಿದ್ದ ಹಿರಿಯರಿಗೆ ಸೋಡಿಯಂ ಕಡಿಮೆ ಇದ್ದು ಪೊಟ್ಯಾಸಿಯಂ ಬೆರೆತ ಉಪ್ಪನ್ನು ಉಚಿತವಾಗಿ ಕೊಟ್ಟಾಗ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು ಎಂದು 2021ರಲ್ಲಿ ವರದಿಯಾಯಿತು. ಮೂತ್ರಪಿಂಡದ ಕಾಯಿಲೆ ಇರುವವರಿಗೂ ಪೊಟ್ಯಾಸಿಯಂ ಹೆಚ್ಚಿಸುವ ಔಷಧಿ ಸೇವಿಸುವವರಿಗೂ ಇದು ಅಪಾಯಕಾರಿ. ವೈದ್ಯರ ಸಲಹೆಯಿಲ್ಲದೆ ಹಂಚಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕೇಂದ್ರದ ಬಾಡಿಗೆಯ ಬದಲು ಇಬ್ಬರು ಕಾರ್ಯಕರ್ತರ ಸಂಬಳಕ್ಕೆ ಹಣ ಮೀಸಲಿಡುವ ಪ್ರಸ್ತಾವವನ್ನು ಮುಂದಿನ ಸಭೆಯಲ್ಲಿ ಮಂಡಿಸುತ್ತೇನೆ. ನಡುವೆ ಬಿಟ್ಟುಹೋದವರ ರಕ್ತದೊತ್ತಡವನ್ನೂ ವರ್ಷಾಂತ್ಯದಲ್ಲಿ ಅಳೆದು ಫಲಿತಾಂಶಕ್ಕೆ ಸೇರಿಸಬೇಕೆಂದಿದ್ದೇವೆ. ಅವರನ್ನು ಮತ್ತೆ ಪತ್ತೆಹಚ್ಚುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಿ.